ಕೆಟ್ಟ ವರ್ಷದ ಲೆಕ್ಕ

ಬೀಜ, ಮಳೆ, ಅನ್ನ: ಓದುಗರ ಪ್ರಶ್ನೆಗಳಿಗೆ ಪುಣೆಯಿಂದ ಉತ್ತರ

ಕಳೆದ ಸಂಚಿಕೆಯಲ್ಲಿ ಹಿಂಗಾರು ಜೋಳದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಎರಡು ದಿನ ಕೂತು ಓದಿದೆ. ಮುಂಬಯಿಗೆ ಬಂದು ಮೂವತ್ತು ವರ್ಷವಾದವರು, ಗೋವಾದಲ್ಲೇ ಮಕ್ಕಳ ಮದುವೆ ಮಾಡಿ ಮುಗಿಸಿದವರು, ಎಲ್ಲರ ಪತ್ರದಲ್ಲೂ ಊರಿನ ಮಳೆಯ ಮಾತು ಇದ್ದೇ ಇದೆ. ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಉಳಿದವರಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ತವರು ಇಂಡಿ ತಾಲ್ಲೂಕು. ಮಾಲದಂಡಿ ಜೋಳದ ರೊಟ್ಟಿ ತಿಂದು ಬೆಳೆದವಳು. ಇಲ್ಲಿಯ ಅಂಗಡಿಯಲ್ಲೂ ಅದೇ ಹೆಸರು ಹೇಳಿ ಮಾರುತ್ತಾರೆ. ಭತ್ತಕ್ಕೂ ಗೋಧಿಗೂ ವರ್ಷ ವರ್ಷ ಹೊಸ ತಳಿ ಬರುವಾಗ ಜೋಳಕ್ಕೆ ಮಾತ್ರ ಅಜ್ಜನ ಕಾಲದ ತಳಿಯೇ ಗತಿಯೇ? ಇಷ್ಟು ವರ್ಷ ವಿಜ್ಞಾನಿಗಳು ಏನು ಮಾಡಿದರು?
(ಓದುಗರೊಬ್ಬರು, ಡೊಂಬಿವಲಿ)

ಉತ್ತರ: ತಂಗೀ, ನನ್ನ ನೌಕರಿಯ ಮೂವತ್ತೊಂದು ವರ್ಷ ಕಳೆದದ್ದು ಈ ಪ್ರಶ್ನೆಯೊಂದಿಗೇ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನೀವು ಮಾಲದಂಡಿ ಎನ್ನುವ ತಳಿಗೆ ಕಾಗದದ ಮೇಲಿನ ಹೆಸರು ಎಂ 35-1. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ, ರೈತರು ಬೆಳೆಯುತ್ತಿದ್ದ ಮಾಲದಂಡಿಯಿಂದಲೇ ಒಳ್ಳೆಯ ತೆನೆಗಳನ್ನು ಆರಿಸಿ ಶುದ್ಧಗೊಳಿಸಿದ ತಳಿ ಅದು. ಅದೇ ದಶಕದಲ್ಲಿ, 1933ರಲ್ಲಿ, ಒಣಬೇಸಾಯದ ಸಂಶೋಧನೆ ಸೊಲ್ಲಾಪುರದಲ್ಲೂ ನಮ್ಮ ಬಿಜಾಪುರದಲ್ಲೂ ಆರಂಭವಾಯಿತು. ಎರಡೂ ಆಗ ಮುಂಬಯಿ ಪ್ರಾಂತದ ಊರುಗಳು. ಬದು ಹಾಕುವುದು, ಆಳವಾಗಿ ಉಳುವುದು, ಸಾಲುಗಳ ನಡುವೆ ಹೆಚ್ಚು ಅಂತರ ಬಿಡುವುದು, ಪದೇ ಪದೇ ಎಡೆ ಹೊಡೆಯುವುದು: ಇಂದಿಗೂ ನಾವು ಹೇಳುವ ಅರ್ಧದಷ್ಟು ಮಾತು ಅಲ್ಲಿ ಹುಟ್ಟಿದ್ದು.

ಹಿಂಗಾರು ಜೋಳದ ಬಾಳು ಬೇರೆ ಬೆಳೆಗಳಂತಲ್ಲ. ಮುಂಗಾರಿನಲ್ಲಿ ಎರೆ ಭೂಮಿ ಖಾಲಿ ಬಿದ್ದು ಮಳೆನೀರು ಕುಡಿಯುತ್ತದೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನೊಳಗೆ ಕೂರಿಗೆ ಹೂಡುತ್ತಾರೆ. ಆಮೇಲೆ ಆಕಾಶದಿಂದ ಹನಿ ಬೀಳುವ ಭರವಸೆ ಇಲ್ಲ. ಫೆಬ್ರುವರಿಯಲ್ಲಿ ಕೊಯ್ಯುವ ತನಕ ಗಿಡ ಮಣ್ಣಿನೊಳಗಿನ ಠೇವಣಿಯ ಮೇಲೆ ಬದುಕಬೇಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ನೀವೂ ನೋಡಿರುತ್ತೀರಿ, ಕಾಲಿಟ್ಟರೆ ಹಿಮ್ಮಡಿ ಇಳಿಯುವಷ್ಟು ಅಗಲದ ಬಿರುಕುಗಳು. ಜನವರಿಯ ಹೊಲದಲ್ಲಿ ಎದೆಯುದ್ದದ ಗುಂಡಿ ತೋಡಿಸಿ ಒಳಗೆ ಇಳಿದು ಎಷ್ಟೋ ಸಲ ನೋಡಿದ್ದೇನೆ. ಮೇಲಿನ ಒಂದು ಗೇಣು ಮಣ್ಣು ಬೂದಿಯಂತೆ ಉದುರುತ್ತದೆ. ಅದರ ಕೆಳಗೆ ಹೆಂಟೆ ಕಲ್ಲಿನಂತಿರುತ್ತದೆ. ಎರಡು ಮೊಳ ಕೆಳಗೆ ಕೈ ಹಾಕಿದರೆ ಮಾತ್ರ ಮಣ್ಣು ತಣ್ಣಗೆ ತಾಗುತ್ತದೆ, ಹಿಡಿದು ಒತ್ತಿದರೆ ಉಂಡೆ ಕಟ್ಟುತ್ತದೆ. ಆ ಉಂಡೆಯನ್ನು ಮುರಿದರೆ ಒಳಗೆ ಕೂದಲೆಳೆಯಂಥ ಬಿಳಿ ಬೇರು. ಮಾಲದಂಡಿ ಅಲ್ಲಿಗೆ ತಲುಪಿರುತ್ತದೆ. ಆ ಬೇರನ್ನು ಕಂಡಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತಿತ್ತು.

ಇನ್ನು ವಿಜ್ಞಾನಿಗಳ ಮಾತು. ನಮ್ಮ ದೇಶದ ಮೊದಲ ಸಂಕರ (ಹೈಬ್ರಿಡ್) ಜೋಳ ಸಿಎಸ್‌ಎಚ್-1 ಹೊರಬಂದದ್ದು 1964ರಲ್ಲಿ. ಮುಂಗಾರು ಜೋಳದಲ್ಲಿ ಸಂಕರ ತಳಿಗಳು ಗೆದ್ದವು. ಹಿಂಗಾರಿನಲ್ಲಿ ಸೋತವು. ಸುಳಿ ನೊಣದ ಕಾಟ ತಾಳಿಕೊಳ್ಳಲಿಲ್ಲ, ರೊಟ್ಟಿ ಮಾಲದಂಡಿಯಷ್ಟು ಮೆತ್ತಗೆ ಬರಲಿಲ್ಲ, ಕಣಿಕೆ, ಎಂದರೆ ದನಕ್ಕೆ ಮೇವಾಗುವ ದಂಟು, ಗಿಡ್ಡವಾಯಿತು. ಪಟ್ಟಣದವರಿಗೆ ಜೋಳವೆಂದರೆ ಕಾಳು ಮಾತ್ರ. ಹೊಲದವನಿಗೆ ಅದು ಕಾಳು ಮತ್ತು ಕಣಿಕೆ ಎರಡೂ. ಬರಗಾಲದಲ್ಲಿ ಕೆಲವು ಸಲ ಕಣಿಕೆಯೇ ಕಾಳಿಗಿಂತ ದೊಡ್ಡ ಆಸ್ತಿ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. 1990ರ ದಶಕದಲ್ಲಿ ಮಂಗಳವೇಢೆಯ ಹತ್ತಿರದ ಒಂದು ಹಳ್ಳಿಯಲ್ಲಿ, ಐದು ವರ್ಷದ ಪ್ರಯೋಗದ ಸರಾಸರಿಯಲ್ಲಿ ಮಾಲದಂಡಿಯನ್ನು ಹಿಂದೆ ಹಾಕಿದ್ದ ಒಂದು ಹೊಸ ತಳಿಯನ್ನು ಒಬ್ಬ ರೈತರಿಗೆ ಒತ್ತಾಯ ಮಾಡಿ ಬಿತ್ತಿಸಿದೆ. (ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿದ್ದ ಮಂಗಳವಾಡ ಇದೇ. ಅಲ್ಲಿಯ ಕಪ್ಪು ನೆಲದ ಜೋಳಕ್ಕೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ.) ಆ ವರ್ಷ ಹಸ್ತದ ಮಳೆ ಕೈಕೊಟ್ಟಿತು. ಪಕ್ಕದ ಹೊಲದ ಮಾಲದಂಡಿ ಬಡವಾದರೂ ನಿಂತಿತ್ತು. ನನ್ನ ತಳಿ ಹಾಲುಗಾಳಿನ ಹೊತ್ತಿಗೆ ಕಾಂಡ ಒಳಗೆ ಕಪ್ಪಾಗಿ ಟೊಳ್ಳಾಗಿ ಸಾಲು ಸಾಲಾಗಿ ಒರಗಿತು. ಆ ರೈತರು ಒಂದು ದಂಟನ್ನು ಸೀಳಿ ತೋರಿಸಿದರು, ಬೆಂಡಿನ ಜಾಗದಲ್ಲಿ ಇದ್ದಿಲ ಪುಡಿ ಉದುರಿದ ಹಾಗಿತ್ತು. ಅವರು ಸಿಟ್ಟು ಮಾಡಲಿಲ್ಲ. "ಅಕ್ಕಾ, ನೀವು ಐದು ವರ್ಷದ ಸರಾಸರಿ ಹೇಳಿದಿರಿ. ಎತ್ತುಗಳು ಈ ವರ್ಷದ ಮೇವು ಕೇಳುತ್ತವೆ" ಎಂದರು. ಯುಗಾದಿಗೆ ಮುಂಚೆಯೇ ಒಂದು ಎತ್ತು ಮಾರಿದರೆಂದು ಆಮೇಲೆ ತಿಳಿಯಿತು.

ಅಂದಿನಿಂದ ಯಾವ ತಳಿಯ ತಖ್ತೆ ನನ್ನ ಮುಂದೆ ಬಂದರೂ ಮೊದಲು ಅತಿ ಕೆಟ್ಟ ವರ್ಷದ ಸಾಲಿನ ಮೇಲೆ ಬೆರಳಿಡುತ್ತೇನೆ. ಮೂರು ಎಕರೆಯ ರೈತನಿಗೆ ಒಳ್ಳೆಯ ವರ್ಷದಲ್ಲಿ ಎರಡು ಚೀಲ ಹೆಚ್ಚು ಬಂದರೆ ಸಂತೋಷ. ಕೆಟ್ಟ ವರ್ಷದಲ್ಲಿ ಎರಡು ಚೀಲ ಉಳಿದರೆ ಹೊಲ ಉಳಿಯುತ್ತದೆ. ಆಹಾರ ಭದ್ರತೆಯನ್ನು ನಾನು ಅಳೆಯುವುದು ಈ ಎರಡನೆಯ ಲೆಕ್ಕದಿಂದ. ಹವಾಮಾನ ಹೀಗೆ ಏರುಪೇರಾಗುತ್ತಿರುವಾಗ ಸರಾಸರಿಗಿಂತ ಆ ಲೆಕ್ಕಕ್ಕೇ ಬೆಲೆ ಹೆಚ್ಚು.

ಹಾಗೆಂದು ಮಾಲದಂಡಿಯ ನಂತರ ಏನೂ ಬಂದಿಲ್ಲ ಎಂದಲ್ಲ. ಮಹಾರಾಷ್ಟ್ರದ ರಾಹುರಿಯ ಕೃಷಿ ವಿಶ್ವವಿದ್ಯಾಲಯದವರು ಒಂದು ಜಾಣತನದ ಕೆಲಸ ಮಾಡಿದರು. ಎಲ್ಲ ನೆಲಕ್ಕೂ ಒಂದೇ ತಳಿ ಹುಡುಕುವುದನ್ನು ಬಿಟ್ಟು ಮಣ್ಣಿನ ಆಳ ನೋಡಿ ತಳಿ ಕೊಟ್ಟರು: ತೆಳು ಮಣ್ಣಿಗೆ ಫುಲೆ ಅನುರಾಧಾ, ನಡುವಿನ ಮಣ್ಣಿಗೆ ಫುಲೆ ಸುಚಿತ್ರಾ, ಆಳವಾದ ಎರೆಗೆ ಫುಲೆ ವಸುಧಾ. ವಿಜಯಪುರದ ಸಂಶೋಧನಾ ಕೇಂದ್ರದಿಂದ ಬಿಜೆವಿ 44 ಬಂದಿದೆ. ನಿಮ್ಮ ಅಣ್ಣತಮ್ಮಂದಿರಿಗೆ ಹೇಳಿ, ಒಂದೆರಡು ಎಕರೆಯಲ್ಲಿ ನೋಡಲಿ, ಮಾಲದಂಡಿಯ ಬೀಜವನ್ನು ಮಾತ್ರ ಮನೆಯಿಂದ ಹೊರಹಾಕುವುದು ಬೇಡ.

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಹಿನ್ನೀರಿನ ಊರು. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಿದ್ದೆವು. ಒಡ್ಡು ಒಡೆದ ಮೇಲೆ ಪಾಳು ಬಿದ್ದಿದೆ. ಇಲ್ಲಿ ಗೋವಾದಲ್ಲೂ ಅಂಥದೇ ಗದ್ದೆಗಳು ಉಪ್ಪುನೀರಿನಲ್ಲಿ ಮುಳುಗಿರುವುದನ್ನು ದಿನಾ ಬಸ್ಸಿನಿಂದ ನೋಡುತ್ತೇನೆ. ಉಪ್ಪು ತಡೆಯುವ ಹೊಸ ಭತ್ತ ಬಂದಿದೆಯಂತೆ. ಅದನ್ನು ಹಾಕಿದರೆ ಗದ್ದೆ ಮತ್ತೆ ಹಸಿರಾದೀತೇ?
(ಓದುಗರೊಬ್ಬರು, ವಾಸ್ಕೊ)

ಉತ್ತರ: ನೀವು ಬಸ್ಸಿನಿಂದ ನೋಡುವ ಆ ಗದ್ದೆಗಳಿಗೆ ಗೋವಾದಲ್ಲಿ ಖಾಜನ್ ಎನ್ನುತ್ತಾರೆ. ಸುಮಾರು 18 ಸಾವಿರ ಹೆಕ್ಟೇರ್ ಇದೆ. ನಿಮ್ಮ ಗಜನಿಯ ಒಡಹುಟ್ಟು ಅದು. ಕೇರಳದ ಪೊಕ್ಕಾಳಿ ಗದ್ದೆಯೂ ಅದೇ ಮನೆತನದ್ದು. ಮೂರೂ ಕಡೆ ವಿದ್ಯೆ ಒಂದೇ: ಉಬ್ಬರದ ನೀರನ್ನು ಮಣ್ಣಿನ ಒಡ್ಡಿನಿಂದ ತಡೆ, ತೂಬಿನ ಹಲಗೆಯಿಂದ ಬೇಕಾದಾಗ ಒಳಗೆ ಬಿಡು, ಬೇಡವಾದಾಗ ಹೊರಗೆ ಹಾಕು. ಗೋವಾದವರು ಆ ತೂಬಿಗೆ ಮಾನಸ್ ಎನ್ನುತ್ತಾರೆ. ಹಲಗೆ ಹೇಗೆ ಜೋಡಿಸಿರುತ್ತಾರೆಂದರೆ, ಉಬ್ಬರ ಬಂದಾಗ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ತಾನೇ ತೆರೆಯುತ್ತದೆ. ಬೇಸಿಗೆಯಲ್ಲಿ ಉಪ್ಪೇರಿದ ಗದ್ದೆಯನ್ನು ಮುಂಗಾರಿನ ಮೊದಲ ಮಳೆಗಳು ತೊಳೆದುಕೊಟ್ಟ ಮೇಲೆ ಭತ್ತ. ಭತ್ತ ಕೊಯ್ದ ಮೇಲೆ ಸೀಗಡಿ, ಮೀನು.

ಬೀಜದ ವಿಷಯ ನೀವು ಕೇಳಿದ್ದು ನಿಜ. ಹಳೇ ಗೋವಾದಲ್ಲಿರುವ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಗೋವಾ ಧಾನ್ ಎಂಬ ಹೆಸರಿನಲ್ಲಿ ಉಪ್ಪು ತಾಳುವ ಭತ್ತದ ತಳಿಗಳನ್ನು ಹೊರತಂದಿದ್ದಾರೆ. ಗೋವಾ ಧಾನ್ 1ರ ಬುಡ ಖಾಜನ್ ಗದ್ದೆಯ ಹಳೆಯ ಕೊರ್ಗುಟ್ ಭತ್ತ. ಮೂಲ ಕೊರ್ಗುಟ್ ನಿಮ್ಮ ಕಗ್ಗದ ಹಾಗೆಯೇ ಎತ್ತರದ್ದು, ಇಳುವರಿ ಕಡಿಮೆ, ಆದರೆ ಉಪ್ಪಿಗೂ ನೆರೆಗೂ ಜಗ್ಗುವುದಿಲ್ಲ. ಅದೇ ರೀತಿ ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಪೊಕ್ಕಾಳಿಯಲ್ಲಿ ಉಪ್ಪು ತಾಳುವ ಶಕ್ತಿ ಯಾವ ವರ್ಣತಂತುವಿನಲ್ಲಿದೆ (ಕ್ರೋಮೋಸೋಮ್) ಎಂದು ಗುರುತಿಸಿದರು, ಅದಕ್ಕೆ ಸಾಲ್ಟಾಲ್ ಎಂದು ಹೆಸರಿಟ್ಟರು. ಎಳೆಯ ಸಸಿಯೊಳಗೆ ಸೋಡಿಯಂ ಏರದಂತೆ, ಪೊಟ್ಯಾಸಿಯಂ ಇಳಿಯದಂತೆ ಕಾಯುವುದು ಅದರ ಕೆಲಸ. ಕೇರಳದ ಹಿನ್ನೀರಿನ ಭತ್ತದ ಗುಣ ಇಂದು ಬೇರೆ ದೇಶಗಳ ಕರಾವಳಿಯ ಭತ್ತಕ್ಕೂ ಹೋಗುತ್ತಿದೆ.

ಆದರೆ ಅಣ್ಣಾ, ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ, ಬೀಜವೊಂದರಿಂದಲೇ ಆಗದು ಎಂಬುದು. ಒಡ್ಡು ಒಡೆದ ಗದ್ದೆಯನ್ನು ಯಾವ ಬೀಜವೂ ಉಳಿಸಲಾರದು. ಉಪ್ಪು ತಾಳುವ ಭತ್ತ ಎಂದರೆ ಸ್ವಲ್ಪ ಉಪ್ಪನ್ನು ಸ್ವಲ್ಪ ದಿನ ತಾಳುವ ಭತ್ತ, ಸಮುದ್ರದಲ್ಲಿ ಬೆಳೆಯುವ ಭತ್ತವಲ್ಲ. ದಕ್ಷಿಣ ಗೋವಾದ ಸಾಷ್ಟಿಯ ಒಂದು ಖಾಜನ್ ಒಡ್ಡಿನ ಮೇಲೆ ಒಮ್ಮೆ ಮಳೆಗಾಲದಲ್ಲಿ ನಡೆದಿದ್ದೆ. ಒಂದು ಕಡೆ ಏಡಿ ಕೊರೆದ ತೂತು, ಬೆರಳು ಹೋಗುವಷ್ಟು. ನನ್ನ ಜೊತೆಗಿದ್ದ ಮುದುಕರು ಮಾತಾಡುತ್ತಲೇ ಬಗ್ಗಿ ಒಂದು ಹಿಡಿ ಹುಲ್ಲು, ಒಂದು ಹಿಡಿ ಕೆಸರು ತುರುಕಿ ಹಿಮ್ಮಡಿಯಿಂದ ತುಳಿದು ಮುಂದೆ ಹೋದರು. ಹಿಂದೆ ಊರಿನ ಗಾಂವ್ಕಾರಿಯವರು (ಊರ ಜಮೀನು ನೋಡಿಕೊಳ್ಳುವ ಸಂಘದವರು) ಇದಕ್ಕೆಂದೇ ಆಳುಗಳನ್ನು ಇಟ್ಟಿರುತ್ತಿದ್ದರು. ಈಗ ಆ ತೂತನ್ನು ನೋಡುವವರು ಯಾರು? ನಾಲ್ಕು ಉಬ್ಬರ ಕಳೆದರೆ ಅದು ಕಾಲುವೆಯಾಗುತ್ತದೆ. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಒಡ್ಡಿನ ದುರಸ್ತಿಯನ್ನೂ ಸಂಶೋಧನೆಯ ಭಾಗವೆಂದೇ ಲೆಕ್ಕ ಹಾಕಬೇಕು, ಅದಕ್ಕೆ ಹಣ ಇಡಬೇಕು ಎಂದು ನಾನು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ. ನಿಮ್ಮ ಊರಿನಲ್ಲಿ ಗದ್ದೆಯವರೆಲ್ಲ ಸೇರಿ ಮೊದಲು ಒಡ್ಡು ಕಟ್ಟಿಸಿಕೊಳ್ಳಿ. ಒಂದು ಮಳೆಗಾಲ ಉಪ್ಪು ತೊಳೆಯಲಿ. ಮೊದಲ ವರ್ಷ ಕಗ್ಗವನ್ನೇ ಹಾಕಿ. ಅಘನಾಶಿನಿ ತೀರದಲ್ಲಿ, ಮಾಣಿಕಟ್ಟಾದ ಕಡೆ, ಅದನ್ನು ಉಳಿಸಿಕೊಂಡವರು ಇನ್ನೂ ಇದ್ದಾರೆ.

ಪ್ರಶ್ನೆ: ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಗೋಧಿಯಲ್ಲಿ ಸತ್ವ ಕಡಿಮೆಯಾಗುತ್ತದೆ ಎಂದು ಎಲ್ಲೋ ಕೇಳಿದೆ. ಗಿಡಕ್ಕೆ ಇಂಗಾಲವೇ ಆಹಾರವಲ್ಲವೇ?
(ಓದುಗರೊಬ್ಬರು, ಪಿಂಪ್ರಿ)

ಉತ್ತರ: ಹೌದು, ಆಹಾರವೇ. ಅದಕ್ಕೇ ಪಿಷ್ಟ ಹೆಚ್ಚುತ್ತದೆ, ಉಳಿದವು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಜಪಾನ್, ಆಸ್ಟ್ರೇಲಿಯಾ, ಅಮೆರಿಕದ ಬಯಲು ಹೊಲಗಳಲ್ಲಿ ಇಂಗಾಲದ ಡೈಆಕ್ಸೈಡ್ ಊದಿ ಬೆಳೆದ ಬೆಳೆಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಈ ಶತಮಾನದ ನಡುವೆ ಬರಬಹುದಾದ ಮಟ್ಟದ ಗಾಳಿಯಲ್ಲಿ ಗೋಧಿಯ ಸತುವು (ಜಿಂಕ್) ಶೇಕಡ 9ರಷ್ಟು, ಕಬ್ಬಿಣ ಶೇಕಡ 5ರಷ್ಟು, ಪ್ರೋಟೀನ್ ಶೇಕಡ 6ರಷ್ಟು ಇಳಿಯಿತು. ಅಕ್ಕಿಯೂ ಇಳಿಯಿತು. ಜೋಳ, ಮೆಕ್ಕೆಜೋಳ ಹೆಚ್ಚು ಕದಲಲಿಲ್ಲ, ಅವು ಇಂಗಾಲ ಹಿಡಿಯುವ ಬಗೆಯೇ ಬೇರೆ. ಹೊಟ್ಟೆ ತುಂಬಿದರೂ ರಕ್ತ ತುಂಬದ ಮಕ್ಕಳು ನಮ್ಮಲ್ಲಿ ಈಗಲೇ ಸಾಕಷ್ಟಿರುವಾಗ ಇದು ಹಗುರವಾದ ಸುದ್ದಿಯಲ್ಲ.

ನಮ್ಮ ಮಹಾರಾಷ್ಟ್ರದಿಂದಲೇ ಎರಡು ಒಳ್ಳೆಯ ಸುದ್ದಿ ಹೇಳುತ್ತೇನೆ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಎಂಎಸಿಎಸ್ 4028 ಎಂಬ ಗಟ್ಟಿ ಗೋಧಿಯ ತಳಿ ಕೊಟ್ಟಿದ್ದಾರೆ. ಮಳೆಯಾಶ್ರಯದಲ್ಲೇ ಬರುತ್ತದೆ, ಪ್ರೋಟೀನ್ ಶೇಕಡ 14.7, ಕಬ್ಬಿಣ ಮತ್ತು ಸತುವೂ ಹೆಚ್ಚು. ಇನ್ನೊಂದು ಧನಶಕ್ತಿ ಸಜ್ಜೆ, ಕಬ್ಬಿಣದ ಅಂಶ ಹೆಚ್ಚಿಸಿದ ತಳಿ, ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಮತ್ತು ರಾಹುರಿ ವಿಶ್ವವಿದ್ಯಾಲಯ ಸೇರಿ ಮಾಡಿದ್ದು. 2012ರಲ್ಲಿ ಮೊದಲು ಬಿಡುಗಡೆಯಾದದ್ದು ಮಹಾರಾಷ್ಟ್ರದಲ್ಲೇ. ಅದರ ಮೂಲ ಬೀಜ ಬಂದದ್ದು ಪಶ್ಚಿಮ ಆಫ್ರಿಕಾದ ಟೋಗೊ ದೇಶದಿಂದ.

ಪ್ರಶ್ನೆ: ಎಂಟನೆಯ ತರಗತಿಯ ಮಕ್ಕಳಿಗೆ ಆಹಾರ ಭದ್ರತೆಯ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ, "ಆಫ್ರಿಕಾದ ಬರಕ್ಕೂ ನಮಗೂ ಏನು ಸಂಬಂಧ?" ಎಂದು ಕೇಳಿದ. ನಾನು ಹೇಳಿದ ಉತ್ತರ ನನಗೇ ಸಮಾಧಾನವಾಗಲಿಲ್ಲ.
(ಕನ್ನಡ ಶಾಲೆಯ ಶಿಕ್ಷಕಿ, ಅಂಧೇರಿ)

ಉತ್ತರ: ಆ ಹುಡುಗ ಬೆಳಿಗ್ಗೆ ಏನು ತಿಂದು ಬಂದ ಎಂದು ಕೇಳಿ. ಜೋಳದ ರೊಟ್ಟಿಯಾದರೆ ಆಫ್ರಿಕಾ, ರಾಗಿ ಅಂಬಲಿಯಾದರೂ ಆಫ್ರಿಕಾ. ಎರಡೂ ಬೆಳೆಗಳ ತವರು ಅದು, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆಗೆ ಬಂದವು.

ಆಮೇಲೆ ಅವನಿಗೆ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರ ಕಥೆ ಹೇಳಿ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕೂತು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಸಂಕರ ಮಾಡಿದವರು ಅವರು. ಇಂಡಿಯಾದ ಮೊದಲಕ್ಷರಗಳು, ಆಫ್ರಿಕಾದ ಮೊದಲಕ್ಷರಗಳು ಸೇರಿಸಿ ತಳಿಗಳಿಗೆ ಇಂಡಾಫ್ ಎಂದು ಹೆಸರಾಯಿತು. ರಾಗಿಯ ಹೂವನ್ನು ನೀವು ಭೂತಗನ್ನಡಿ ಇಲ್ಲದೆ ಸರಿಯಾಗಿ ನೋಡಲಾರಿರಿ. ಅಷ್ಟು ಸಣ್ಣ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗಿದ್ದು, ಅರಳುವ ಮೊದಲೇ ತಮ್ಮಷ್ಟಕ್ಕೆ ತಾವೇ ಕೂಡಿಕೊಂಡುಬಿಡುತ್ತವೆ. ಬೇರೆ ಗಿಡದ ಪರಾಗ ಸೇರಿಸಬೇಕೆಂದರೆ ಎರಡು ಗಿಡಗಳ ತೆನೆಗಳನ್ನು ಜೊತೆಯಾಗಿ ಕಟ್ಟಿ ಕಾಯಬೇಕು. ಸಾವಿರ ಕಾಳಿನಲ್ಲಿ ನಿಜವಾದ ಸಂಕರ ಯಾವುದೆಂದು ಮುಂದಿನ ವರ್ಷ ಸಸಿ ನೋಡಿ ಹುಡುಕಬೇಕು. ಧಾರವಾಡದಲ್ಲಿ ಓದುವಾಗ ನಾನೂ ಒಂದು ಹಂಗಾಮು ಈ ಕೆಲಸ ಮಾಡಿ ಕಣ್ಣು ಕೆಂಪು ಮಾಡಿಕೊಂಡಿದ್ದೇನೆ, ಹಾಗಾಗಿ ಅವರ ಹೆಸರು ಹೇಳುವಾಗ ನನ್ನ ದನಿ ತಾನೇ ತಗ್ಗುತ್ತದೆ. ದಕ್ಷಿಣ ಕರ್ನಾಟಕದ ಬರಗಾಲದ ಮನೆಗಳಲ್ಲಿ ಮುದ್ದೆ ದೊಡ್ಡದಾದದ್ದು ಆ ತಳಿಗಳಿಂದ.

ನಮ್ಮಿಂದ ಹೊರಗೆ ಹೋದದ್ದೂ ಇದೆ. ಒಡಿಶಾದ ನೆರೆ ಪ್ರದೇಶದಲ್ಲಿ ಎಫ್‌ಆರ್ 13ಎ ಎಂಬ ಹಳೆಯ ಭತ್ತವಿತ್ತು. ತಿನ್ನಲು ಅಷ್ಟು ರುಚಿಯಿಲ್ಲ, ಇಳುವರಿಯೂ ಇಲ್ಲ. ಆದರೆ ಎರಡು ವಾರ ಪೂರ್ತಿ ನೀರಿನಡಿ ಮುಳುಗಿದರೂ ಸಾಯುವುದಿಲ್ಲ. ಸಾಮಾನ್ಯ ಭತ್ತ ಮುಳುಗಿದಾಗ ಗಾಬರಿಯಾಗಿ ಗಾಳಿ ಹುಡುಕಿಕೊಂಡು ಉದ್ದಕ್ಕೆ ಏಳುತ್ತದೆ, ಒಳಗಿನ ಸಕ್ಕರೆಯೆಲ್ಲ ಅದಕ್ಕೇ ಖರ್ಚಾಗಿ ನೀರಿಳಿಯುವ ಹೊತ್ತಿಗೆ ಕೊಳೆತು ಬೀಳುತ್ತದೆ. ಎಫ್‌ಆರ್ 13ಎ ಉಸಿರು ಹಿಡಿದು ಸುಮ್ಮನಿರುತ್ತದೆ, ನೀರಿಳಿದ ಮೇಲೆ ಚಿಗುರುತ್ತದೆ. ಈ ಗುಣ ಕೊಡುವ ಸಬ್1 ಎಂಬ ವಂಶವಾಹಿಯನ್ನು (ಜೀನ್) ವಿಜ್ಞಾನಿಗಳು 2006ರಲ್ಲಿ ಬಿಡಿಸಿ ತೋರಿಸಿದರು. ಅದನ್ನು ಆಂಧ್ರದ ಜನಪ್ರಿಯ ಸ್ವರ್ಣ ಭತ್ತಕ್ಕೆ ಸೇರಿಸಿ ಮಾಡಿದ ಸ್ವರ್ಣ-ಸಬ್1 ನಮ್ಮಲ್ಲಿ 2009ರಲ್ಲಿ ಬಿಡುಗಡೆಯಾಯಿತು, ಬಾಂಗ್ಲಾದೇಶ, ನೇಪಾಳದ ಗದ್ದೆಗಳಿಗೂ ಹೋಯಿತು. ನೆರೆ ಬಾರದ ವರ್ಷ ಅದು ಸ್ವರ್ಣದಷ್ಟೇ ಕೊಡುತ್ತದೆ. ನೆರೆ ಬಂದ ವರ್ಷ ಸ್ವರ್ಣ ಕೊಳೆಯುವ ಗದ್ದೆಯಲ್ಲಿ ಇದು ಅನ್ನ ಕೊಡುತ್ತದೆ. ಡೊಂಬಿವಲಿಯ ತಂಗಿಗೆ ಹೇಳಿದ ಕೆಟ್ಟ ವರ್ಷದ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಇನ್ನೊಂದು ಮಾತು. ಸಿರಿಯಾದ ಅಲೆಪ್ಪೊ ಹತ್ತಿರ ಒಣನೆಲದ ಗೋಧಿ, ಬಾರ್ಲಿ, ಕಡಲೆಯ ದೊಡ್ಡ ಬೀಜ ಭಂಡಾರವಿತ್ತು. ಯುದ್ಧ ಬಂತು. ಪುಣ್ಯಕ್ಕೆ ಅದರ ಪ್ರತಿಗಳನ್ನು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಹಿಮದಡಿಯ ಉಗ್ರಾಣದಲ್ಲಿ ಇಟ್ಟಿದ್ದರು. 2008ರಲ್ಲಿ ತೆರೆದ ಆ ಉಗ್ರಾಣದಿಂದ ಮೊದಲ ಸಲ ಬೀಜ ಹೊರಗೆ ತೆಗೆದದ್ದು 2015ರಲ್ಲಿ, ಇದಕ್ಕಾಗಿ. ಆ ಬೀಜವನ್ನು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬಿತ್ತಿ ಭಂಡಾರ ಕಟ್ಟಿದರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಭಂಡಾರದಲ್ಲೂ 140ಕ್ಕೂ ಹೆಚ್ಚು ದೇಶಗಳಿಂದ ಬಂದ 1.2 ಲಕ್ಷಕ್ಕೂ ಮಿಕ್ಕಿದ ಮಾದರಿಗಳಿವೆ. ಅಲ್ಲಿ ಒಂದು ಪೊಟ್ಟಣದ ಮೇಲೆ ಇಥಿಯೋಪಿಯಾ ಎಂದಿರುತ್ತದೆ, ಪಕ್ಕದ ಪೊಟ್ಟಣದ ಮೇಲೆ ನಮ್ಮದೇ ಜಿಲ್ಲೆಯ ಹೆಸರು.

1972ರ ಬರದಲ್ಲಿ ನನಗೆ ಹದಿಮೂರು ವರ್ಷ. ಅಕ್ಕಲಕೋಟೆ ತಾಲ್ಲೂಕಿನ ಸೋದರಮಾವನ ಮನೆಯಲ್ಲಿದ್ದೆ. ಮಾವ ರಸ್ತೆ ಕೆಲಸದಲ್ಲಿ ಜಲ್ಲಿ ಒಡೆಯುತ್ತಿದ್ದರು. ರೇಷನ್ ಅಂಗಡಿಗೆ ಮಿಲೊ ಎಂಬ ಕೆಂಪು ಜೋಳ ಹಡಗಿನಲ್ಲಿ ಬಂದದ್ದು ಸಿಗುತ್ತಿತ್ತು. ಅದರ ಹಿಟ್ಟು ಬಡಿದರೆ ಅಂಚು ಸೀಳುತ್ತಿತ್ತು, ಅತ್ತೆ ಬಿಸಿನೀರು ಹಾಕಿ ಹಾಕಿ ನಾದುತ್ತಿದ್ದರು. ಬೇರೆ ದೇಶದ ಹೊಲದಲ್ಲಿ ಬೆಳೆದದ್ದು ಆ ವರ್ಷ ನಮ್ಮ ಜೀವ ಉಳಿಸಿತು. ಆ ಹುಡುಗನಿಗೆ ಇದನ್ನೂ ಹೇಳಿ.

ಪ್ರಶ್ನೆ: ಜೀನ್ ಎಡಿಟಿಂಗ್ ಬಂದಿರುವಾಗ ಹಳೆಯ ಬೀಜ, ಹೊಲದ ಪ್ರಯೋಗ ಎಂದು ಹತ್ತು ವರ್ಷ ಕಾಯುವುದೇಕೆ? ಕಂಪ್ಯೂಟರಿನಲ್ಲೇ ತಳಿ ವಿನ್ಯಾಸ ಮಾಡಬಹುದಲ್ಲವೇ?
(ಸಾಫ್ಟ್‌ವೇರ್ ಎಂಜಿನಿಯರ್, ಹಿಂಜೆವಾಡಿ)

ಉತ್ತರ: ತಮ್ಮಾ, ನಿಮ್ಮ ಉತ್ಸಾಹ ನನಗೆ ಇಷ್ಟವಾಯಿತು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಜೀನ್ ತಿದ್ದಿದ ಎರಡು ಭತ್ತಗಳನ್ನು ಪ್ರಕಟಿಸಿತು. ಸಾಂಬಾ ಮಸೂರಿಯಿಂದ ಮಾಡಿದ ಕಮಲಾ ಸುಮಾರು 20 ದಿನ ಬೇಗ ಕೊಯ್ಲಿಗೆ ಬರುತ್ತದೆ. ಇಪ್ಪತ್ತು ದಿನ ಎಂದರೆ ಕಾಲುವೆಯ ಕೊನೆಯ ರೈತನಿಗೆ ದೊಡ್ಡ ನೀರಿನ ಉಳಿತಾಯ. ಇನ್ನೊಂದು ಎಂಟಿಯು 1010ರಿಂದ ಮಾಡಿದ್ದು, ಬರ ಮತ್ತು ಉಪ್ಪಿಗೆಂದು. ನಾನು ಈ ವಿದ್ಯೆಯನ್ನು ಸ್ವಾಗತಿಸುವವಳು. ಆದರೆ ಯಾವ ವಂಶವಾಹಿ ಯಾವ ಕಷ್ಟ ತಾಳುತ್ತದೆಂದು ನಮಗೆ ಕಲಿಸಿದವುಗಳಲ್ಲಿ ಎಫ್‌ಆರ್ 13ಎ, ಪೊಕ್ಕಾಳಿಯಂಥ ಹಳೆಯ ಬೀಜಗಳೂ ಇವೆ. ಹತ್ತು ವರ್ಷದ ಹೊಲದ ಪ್ರಯೋಗದಲ್ಲಿ ಒಂದೆರಡು ಕೆಟ್ಟ ವರ್ಷ ತಾನಾಗಿ ಬಂದುಬಿಡುತ್ತವೆ. ಮೂರೇ ವರ್ಷದ ಪ್ರಯೋಗದಲ್ಲಿ ಮೂರೂ ಒಳ್ಳೆಯ ಮಳೆಯ ವರ್ಷಗಳಾದರೆ? ಹೊಸ ತಳಿ ಯಾವುದೇ ವಿಧಾನದಿಂದ ಬರಲಿ, ಊರೂರಿನ, ವರ್ಷವರ್ಷದ ಅಂಕಿಗಳನ್ನು, ಸೋತದ್ದನ್ನೂ ಸೇರಿಸಿ, ರೈತರ ಮುಂದೆ ಇಡಬೇಕು. ನಿಮ್ಮಂಥವರು ಆ ಅಂಕಿಗಳನ್ನು ಓದಲು ಬರುವ ಹಾಗೆ ಕನ್ನಡದಲ್ಲಿ, ಮರಾಠಿಯಲ್ಲಿ ಹಾಕಿಕೊಡಿ. ಅದು ಬಹಳ ದೊಡ್ಡ ಉಪಕಾರವಾಗುತ್ತದೆ.

ಪ್ರಶ್ನೆ: ನಾನು ಠಾಣೆಯ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ. ಊರು ಜತ್ ತಾಲ್ಲೂಕಿನ ಪೂರ್ವ ಭಾಗ. ಅಪ್ಪನಿಗೆ ಮೂರು ಎಕರೆ ತೆಳು ಮಣ್ಣು, ಮೊಳದಾಳಕ್ಕೆ ಮುರುಮ್ ಹತ್ತುತ್ತದೆ. ನೀರಿಲ್ಲ. ಹಿಂಗಾರಿಗೆ ಏನು ಬಿತ್ತಬೇಕು? ಫೋನಿನಲ್ಲಿ ಹೇಳಿ ಮಾಡಿಸುವಂಥದ್ದನ್ನು ಹೇಳಿ.
(ಓದುಗರೊಬ್ಬರು, ಠಾಣೆ)

ಉತ್ತರ: ತಮ್ಮಾ, ಮೊಳದಾಳದ ಮಣ್ಣಿನಲ್ಲಿ ಮಾಲದಂಡಿಗೆ ಇಳಿಯಲು ಜಾಗವಿಲ್ಲ. ಬೇಗ ಮುಗಿಯುವ ಫುಲೆ ಅನುರಾಧಾ ಹಾಕಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲೇ ಹೆಸರು ಬರೆಸಿದರೆ ಬೀಜ ಸಿಗುತ್ತದೆ. ಎಕರೆಗೆ ನಾಲ್ಕು ಕಿಲೊ ಸಾಕು. ದಟ್ಟ ಬಿತ್ತಿದರೆ ಗಿಡಗಳು ಇರುವ ತೇವಕ್ಕೆ ತಮ್ಮತಮ್ಮಲ್ಲೇ ಜಗಳಾಡಿ ಒಟ್ಟಿಗೆ ಸೊರಗುತ್ತವೆ, ಇದನ್ನು ಅಪ್ಪನಿಗೆ ಒತ್ತಿ ಹೇಳಿ. ಕಾಳನ್ನು ಕಪ್ಪು ಪುಡಿ ಮಾಡುವ ಕಾಡಿಗೆ ರೋಗ ಬಾರದಂತೆ ಕಿಲೊ ಬೀಜಕ್ಕೆ ನಾಲ್ಕು ಗ್ರಾಂ ಗಂಧಕದ ಪುಡಿ ಸವರಬೇಕು.

ಎಲ್ಲಕ್ಕಿಂತ ಮೊದಲ ಕೆಲಸ ಜುಲೈನಲ್ಲೇ ಇದೆ. ಹೊಲದಲ್ಲಿ ಚೌಕು ಮಡಿ ಹಾಕಿಸಿ. ಸಣ್ಣ ಸಣ್ಣ ಚೌಕಗಳಲ್ಲಿ ಬಿದ್ದ ಮಳೆ ಅಲ್ಲಲ್ಲೇ ಇಂಗಬೇಕು. ನಿಮ್ಮ ಹೊಲಕ್ಕೆ ಅದೇ ಕೆರೆ, ಅದೇ ಬಾವಿ. ಬಿತ್ತನೆ ತಡ ಮಾಡಬೇಡಿ, ತೆಳು ಮಣ್ಣು ಬೇಗ ಒಣಗುತ್ತದೆ, ಸೆಪ್ಟೆಂಬರ್ ಕೊನೆಯೊಳಗೆ ಕೂರಿಗೆ ಹೊರಬರಲಿ. ಆಮೇಲೆ ಮೂರನೆಯ, ಐದನೆಯ, ಎಂಟನೆಯ ವಾರ ಎಡೆಕುಂಟೆ ಹೊಡೆಸಿ. ಕಳೆ ಇಲ್ಲದಿದ್ದರೂ ಹೊಡೆಸಿ. ಎಂಟನೆಯ ವಾರದ್ದು ಬಿರುಕು ಮುಚ್ಚಲು, ಆ ಬಿರುಕಿನಿಂದಲೇ ಒಳಗಿನ ತೇವ ಹಾರಿಹೋಗುವುದು.

ನಿಮ್ಮ ಮೊಬೈಲಿನಲ್ಲಿ ಮೇಘದೂತ್ ಆ್ಯಪ್ ಹಾಕಿಕೊಂಡು ಸಾಂಗಲಿ ಜಿಲ್ಲೆ ಆರಿಸಿ. ಮಂಗಳವಾರ ಮತ್ತು ಶುಕ್ರವಾರ ಮುಂದಿನ ಐದು ದಿನದ ಹವಾಮಾನವೂ ಬೆಳೆಯ ಸಲಹೆಯೂ ಬರುತ್ತದೆ. ಈ ಕೆಲಸದ ಬೇರು ನಮ್ಮ ಪುಣೆಯಲ್ಲೇ ಇದೆ, ಹವಾಮಾನ ಇಲಾಖೆ ಬೆಳೆ ಮತ್ತು ಹವೆಯ ಅಧ್ಯಯನಕ್ಕೆಂದೇ 1932ರಲ್ಲಿ ಇಲ್ಲಿ ವಿಭಾಗ ತೆರೆಯಿತು. ರಾತ್ರಿ ಪಾಳಿ ಮುಗಿದ ಮೇಲೆ ಓದಿ ಅಪ್ಪನಿಗೆ ಫೋನಿನಲ್ಲಿ ಹೇಳಿ. ಬೀಜ ತಂದ ಮೇಲೆ ಚೀಲಕ್ಕೆ ಹೊಲಿದಿರುವ ಚೀಟಿಯ ಫೋಟೊ ತೆಗೆಸಿ ಪತ್ರಿಕೆಯ ಕಚೇರಿಗೆ ಕಳುಹಿಸಿ. ತಳಿ, ತಾರೀಖು, ಮೊಳಕೆಯ ಪ್ರಮಾಣ ನೋಡಿ ಬಿತ್ತಬಹುದೋ ಬೇಡವೋ ಹೇಳುತ್ತೇನೆ.